ಕೊಯ್ದ ಸಿರಿಂಜು, ಮರಳಿದ ಹಾಲು

ಬಾಣಂತಿಯೊಬ್ಬಳು ‘ಹಾಲು ಬತ್ತಿಹೋಯಿತು’ ಎಂದರೆ ನಮ್ಮ ಮನೆಗಳಲ್ಲಿ ಅದಕ್ಕೆ ಮರುಮಾತಿಲ್ಲ. ಡಬ್ಬಿ ಹಾಲು ತರಲು ಯಾರಾದರೂ ಅಂಗಡಿಗೆ ಓಡುತ್ತಾರೆ. ಆ ಮಾತನ್ನು ಕೊನೆಯೆಂದು ಒಪ್ಪದೆ, ಬತ್ತಿದ ಹಾಲನ್ನು ಮರಳಿ ಬರಿಸಬಹುದು ಎಂದು ತೋರಿಸಿಕೊಟ್ಟವರು ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನ ಮಕ್ಕಳ ತಜ್ಞರಾದ ಡಾ. ನಿರ್ಮಲಾ ಕೇಸರಿ, ಡಾ. ಸಿ.ಆರ್. ಬಾಣಾಪುರಮಠ ಮತ್ತು ಅವರ ಸಂಗಡಿಗರು. ಪೌಷ್ಟಿಕತೆಯ ಸಂಶೋಧನೆ ಎಂದೊಡನೆ ನಮಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೋ ಮೈಸೂರಿನ ಸಿ.ಎಫ್.ಟಿ.ಆರ್.ಐ.ಯೋ ನೆನಪಾಗುತ್ತದೆ. ದಾವಣಗೆರೆಯ ಈ ಹೊರರೋಗಿ ವಿಭಾಗದ ಕೆಲಸವೂ ಅದೇ ಸಾಲಿಗೆ ಸೇರಬೇಕು ಎಂಬುದು ನನ್ನ ವಾದ.

ಅವರ ಕೆಲಸದಲ್ಲಿ ಹೆಚ್ಚು ದೂರ ಹೋದದ್ದು ಒಂದು ಸಿರಿಂಜು. ಮೊಲೆತೊಟ್ಟು ಒಳಸೇರಿದ್ದರೆ ಮಗುವಿನ ಬಾಯಿಗೆ ಹಿಡಿತ ಸಿಗದು. ತೊಟ್ಟನ್ನು ಹೊರಗೆಳೆಯಲು, ಔಷಧದಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಸಿರಿಂಜಿನಲ್ಲಿ ಸೂಜಿ ಸಿಕ್ಕಿಸುವ ತುದಿಯನ್ನು ಕೊಯ್ದು, ಒಳಗಿನ ದಂಡವನ್ನು ತೆಗೆದು, ಕೊಯ್ದ ಕಡೆಯಿಂದ ತೂರಿಸಬೇಕು. ಆಗ ನಯವಾದ ಅಂಚು ಎದೆಯ ಕಡೆಗೆ ಬರುತ್ತದೆ. ಕೊಯ್ದ ಒರಟು ಅಂಚು ಚರ್ಮಕ್ಕೆ ತಾಗುವುದೇ ಇಲ್ಲ. ನಯವಾದ ಅಂಚನ್ನು ತೊಟ್ಟಿನ ಮೇಲಿಟ್ಟು ದಂಡವನ್ನು ತಾಯಿಯೇ ಮೆಲ್ಲಗೆ ಎಳೆಯಬೇಕು, ನೋವಾದರೆ ಬಿಡಬೇಕು. ಎಷ್ಟು ಎಳೆಯಬೇಕೆಂಬ ಹತೋಟಿಯನ್ನು ವೈದ್ಯರ ಕೈಯಿಂದ ತಾಯಿಯ ಕೈಗೆ ದಾಟಿಸಿದ್ದು ಈ ವಿಧಾನದ ನಿಜವಾದ ಜಾಣತನ. 1993ರಲ್ಲಿ ‘ಜರ್ನಲ್ ಆಫ್ ಹ್ಯೂಮನ್ ಲ್ಯಾಕ್ಟೇಶನ್’ ಇದನ್ನು ಪ್ರಕಟಿಸಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನ ಎದೆಹಾಲು ಸಮಾಲೋಚನೆಯ ತರಬೇತಿ ಪಾಠಗಳಲ್ಲೂ ಸಿರಿಂಜಿನ ವಿಧಾನಕ್ಕೆ ಜಾಗ ಸಿಕ್ಕಿತು.

ಎದೆಯ ಮೇಲೆ ಹನಿಹನಿಯಾಗಿ ಹಾಲು ಬಿಟ್ಟು, ಅದು ತೊಟ್ಟಿನ ಮೇಲಿಂದ ಮಗುವಿನ ಬಾಯಿಗೆ ಇಳಿಯುವಂತೆ ಮಾಡುವ ಕೇಸರಿಯವರ ಉಪಾಯವೂ ಇಷ್ಟೇ ಸರಳ. ರುಚಿ ಹತ್ತಿದ ಮಗು ಚೀಪತೊಡಗುತ್ತದೆ, ಚೀಪಿದಷ್ಟೂ ಹಾಲು ಊರುತ್ತದೆ. ನಮ್ಮ ಅಜ್ಜಿಯರ ಒಳಲೆಯಿಂದಲೂ ಇದನ್ನು ಮಾಡಬಹುದೆಂದು ನನಗನ್ನಿಸುತ್ತದೆ. 2003ರಲ್ಲಿ ‘ಇಂಡಿಯನ್ ಪೀಡಿಯಾಟ್ರಿಕ್ಸ್’ನಲ್ಲಿ ಬಂದ ಈ ತಂಡದ ವರದಿಯಲ್ಲಿ ಸಾವಿರ ತಾಯಂದಿರ ಅನುಭವವಿದೆ. ಅವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ, ಪೂರ್ತಿಯಾಗಿಯೋ ಭಾಗಶಃವೋ, ಹಾಲು ಬಂತು.

ಮೆಚ್ಚುವುದರಷ್ಟೇ ಮುಖ್ಯ, ಈ ಕೆಲಸವನ್ನು ತೂಗಿ ನೋಡುವುದು. ಸಿರಿಂಜಿನ ಅಧ್ಯಯನದಲ್ಲಿದ್ದವರು ಬೆರಳೆಣಿಕೆಯ ತಾಯಂದಿರು. ಸಾವಿರ ತಾಯಂದಿರ ಅಧ್ಯಯನವೂ ಒಂದೇ ಕ್ಲಿನಿಕ್ಕಿನದು. ಅಲ್ಲಿ ನುರಿತ ವೈದ್ಯರಿದ್ದರು, ಬಂದ ತಾಯಂದಿರಿಗೆ ಹಂಬಲವಿತ್ತು. ಹರಿಹರದಿಂದ ಬಸ್ಸು ಹತ್ತಿ ಮತ್ತೆ ಮತ್ತೆ ಬರಲಾಗದವಳಿಗೆ, ಮಂಡಕ್ಕಿ ಭಟ್ಟಿಯಲ್ಲಿ ದಿನಗೂಲಿ ಮಾಡುವವಳಿಗೆ ಅದೇ ಫಲ ಸಿಗುತ್ತದೆಯೇ ಎಂಬ ಪ್ರಶ್ನೆಗೆ ಆ ಅಂಕಿಗಳಲ್ಲಿ ಉತ್ತರವಿಲ್ಲ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಕೊಟ್ಟ 26 ವಾರಗಳ ಹೆರಿಗೆ ರಜೆಯೂ ಭಟ್ಟಿಯ ಹೆಣ್ಣುಮಗಳನ್ನು ಮುಟ್ಟುವುದಿಲ್ಲ. ಕೂಲಿ ತಪ್ಪಿದರೆ ಒಲೆ ಉರಿಯದ ಮನೆಯಲ್ಲಿ ಕೌಶಲವೊಂದೇ ಹಾಲು ತರಲಾರದು. ಸಂಶೋಧಕರನ್ನು ಇದಕ್ಕೆ ದೂರುವುದು ಅನ್ಯಾಯ. ಅವರು ಬಿಟ್ಟಲ್ಲಿಂದ ಮುಂದುವರಿಸಬೇಕಾದದ್ದು ಸರ್ಕಾರ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಸುಮಾರು ಶೇಕಡ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಎದೆ ಸೇರುವ ಮಕ್ಕಳು ಸುಮಾರು ಅರ್ಧದಷ್ಟೇ. ವೈದ್ಯರು, ದಾದಿಯರು ಪಕ್ಕದಲ್ಲೇ ಇರುವಾಗಲೂ ಹೀಗಾಗುತ್ತದೆ ಎಂದರೆ, ಕೊರತೆ ತಾಯಿಯ ಎದೆಯಲ್ಲಿಲ್ಲ, ನಮ್ಮ ವಾರ್ಡುಗಳಲ್ಲಿದೆ. ದಾವಣಗೆರೆ, ಹರಿಹರದ ಪ್ರತಿ ಹೆರಿಗೆ ವಾರ್ಡಿನ ದಾದಿಗೂ ಈ ವಿಧಾನಗಳನ್ನು ಕೈಹಿಡಿದು ಕಲಿಸಿ. ಬಾಣಂತಿಯ ಬಳಿ ಅರ್ಧ ಗಂಟೆ ಕೂರುವಷ್ಟು ಬಿಡುವನ್ನೂ ಆ ದಾದಿಗೆ ಕೊಡಿ.