ದೋಷ ಕ್ಯಾಮೆರಾದ್ದೇ, ನಮ್ಮ ಪರೀಕ್ಷೆಯದೇ?

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಗೆ ನಿಮ್ಮ ವಿದ್ಯಾರ್ಥಿಗಳನ್ನು ಪಕ್ಷಿವೀಕ್ಷಣೆಗೆ ಕರೆದೊಯ್ದಿದ್ದೀರಿ ಎಂದುಕೊಳ್ಳಿ. ರಾಮ್ಸಾರ್ ಪಟ್ಟಿಗೆ ಸೇರಿದ ಈ ಕೆರೆಯ ಕರಿಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಕುಳಿತಿವೆ. ಕ್ಯಾಮೆರಾದ ಗುಂಡಿಯನ್ನು ಅರ್ಧ ಒತ್ತಿದರೆ ಲೆನ್ಸ್ ಗರಗರನೆ ಹಿಂದೆ ಮುಂದೆ ಸರಿಯುತ್ತದೆ. ಕೊನೆಗೆ ದೊರೆತ ಚಿತ್ರದಲ್ಲಿ ಮುಳ್ಳಿನ ಕೊಂಬೆ ಸ್ಪಷ್ಟ, ಕೊಕ್ಕರೆ ಮಸುಕು. ‘ಆಟೋಫೋಕಸ್ ಕೆಟ್ಟಿದೆ, ರಿಪೇರಿಗೆ ಕಳಿಸಬೇಕು’ ಎಂಬ ತೀರ್ಪು ಕೂಡಲೇ ಹೊರಬೀಳುತ್ತದೆ. ಈ ತೀರ್ಪಿಗೆ ಆಧಾರವೇನು?

ಕ್ಯಾಮೆರಾದೊಂದಿಗೆ ಬರುವ ಕೈಪಿಡಿಯ ಕೊನೆಯ ಪುಟಗಳಲ್ಲಿ ಸಾಮಾನ್ಯವಾಗಿ ಒಂದು ದೋಷ ಪರಿಹಾರ ಪಟ್ಟಿ ಇರುತ್ತದೆ. ಲೆನ್ಸಿನ ಸ್ವಿಚ್ಚು ‘ಆಟೋ’ ಕಡೆಗಿದೆಯೇ ನೋಡಿ, ಗಾಜು ಒರೆಸಿ, ಬ್ಯಾಟರಿ ತೆಗೆದು ಹಾಕಿ, ಸರಿಹೋಗದಿದ್ದರೆ ಸೇವಾ ಕೇಂದ್ರಕ್ಕೆ ಒಯ್ಯಿರಿ. ಇವುಗಳಲ್ಲಿ ಯಾವ ಸಲಹೆಯೂ ತಪ್ಪಲ್ಲ. ಆದರೂ ಇಂತಹ ಪಟ್ಟಿಗಳಲ್ಲಿ ಮೂರು ಕೊರತೆಗಳಿವೆ. ಅವು ಕೇವಲ ಭಾಷೆಯ ಕೊರತೆಗಳಲ್ಲ, ವಿಜ್ಞಾನದ ವಿಧಾನಕ್ಕೆ ಸಂಬಂಧಿಸಿದವು.

ಮೊದಲನೆಯದು, ಕಾರಣ ಹೇಳದಿರುವುದು. ಆಟೋಫೋಕಸ್ ಹೊಸದೇನಲ್ಲ, 1977ರ ಕೋನಿಕಾ ಸಿ35 ಎಎಫ್ ಹಾಗೂ 1985ರ ಮಿನೋಲ್ಟಾ 7000 ಅದನ್ನು ಜನಸಾಮಾನ್ಯರ ಕೈಗೆ ತಂದವು. ಅದರಲ್ಲಿ ಎರಡು ಮುಖ್ಯ ವಿಧಾನಗಳಿವೆ. ಒಂದರಲ್ಲಿ ಕ್ಯಾಮೆರಾ ಲೆನ್ಸನ್ನು ಸರಿಸುತ್ತಾ, ಬಿಂಬದಲ್ಲಿ ಬೆಳಕು ನೆರಳಿನ ಅಂತರ ಎಲ್ಲಿ ಗರಿಷ್ಠವಾಗುತ್ತದೆ ಎಂದು ಹುಡುಕುತ್ತದೆ. ಇನ್ನೊಂದರಲ್ಲಿ ಲೆನ್ಸಿನ ಎರಡು ಬದಿಗಳಿಂದ ಬಂದ ಬೆಳಕಿನಿಂದ ಎರಡು ಬಿಂಬಗಳನ್ನು ಪಡೆದು, ಅವು ಪರಸ್ಪರ ಎಷ್ಟು ಸರಿದಿವೆ ಎಂದು ಅಳೆಯುತ್ತದೆ. ನಮ್ಮ ಎರಡು ಕಣ್ಣುಗಳು ದೂರವನ್ನು ಅಂದಾಜಿಸುವುದೂ ಹೆಚ್ಚು ಕಡಿಮೆ ಹೀಗೆಯೇ.

ಇಷ್ಟು ತಿಳಿದರೆ ಹಲವು ‘ದೋಷ’ಗಳು ದೋಷಗಳೇ ಅಲ್ಲವೆಂದು ನಿಮಗೇ ಹೊಳೆಯುತ್ತದೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯದಲ್ಲಿ ಕಡೆದ ಕಂಬಗಳ ಮೇಲೆ ಅಡ್ಡ ಬಳೆಗಳಿವೆ. ಎಡ ಬಲ ಬಿಂಬಗಳನ್ನು ಮಾತ್ರ ಹೋಲಿಸುವ ಸಂವೇದಕಕ್ಕೆ ಅಡ್ಡಗೆರೆಯ ಸರಿತ ಕಾಣದು, ಏಕೆಂದರೆ ಗೆರೆ ತನ್ನ ಉದ್ದಕ್ಕೇ ಸರಿದರೆ ಬದಲಾವಣೆ ತೋರದು. ಕ್ಯಾಮೆರಾವನ್ನು ಲಂಬವಾಗಿ ಹಿಡಿದು ನೋಡಿ, ಫೋಕಸ್ ಸಿಗಬಹುದು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಮುಸ್ಸಂಜೆ ಕಾಣುವ ಕರಡಿಯ ಕಪ್ಪು ಮೈಯಲ್ಲಿ ಅಳೆಯಲು ಬೇಕಾದ ಬೆಳಕು ನೆರಳಿನ ಅಂತರವೇ ಇರದು. ಹಡಗಲಿಯ ಮಲ್ಲಿಗೆ ಮೊಗ್ಗಿಗೆ ತೀರ ಹತ್ತಿರ ಹೋದರೆ ಲೆನ್ಸಿನ ಕನಿಷ್ಠ ಫೋಕಸ್ ದೂರವನ್ನು ದಾಟಿರುತ್ತೇವೆ. ಅಂಕಸಮುದ್ರದ ಕೊಂಬೆಯಾದರೋ ಕೊಕ್ಕರೆಗಿಂತ ಹತ್ತಿರದಲ್ಲಿತ್ತು. ಅನೇಕ ಫೋಕಸ್ ಬಿಂದುಗಳನ್ನು ಒಟ್ಟಿಗೆ ಬಿಟ್ಟಾಗ ಕ್ಯಾಮೆರಾ ಸಾಮಾನ್ಯವಾಗಿ ಹತ್ತಿರದ್ದನ್ನೇ ಆರಿಸುತ್ತದೆ. ಒಂದೇ ಬಿಂದುವನ್ನು ಆರಿಸಿ ಹಕ್ಕಿಯ ಮೇಲಿಡುವುದೇ ಇದಕ್ಕೆ ಪರಿಹಾರ.

ಎರಡನೆಯ ಕೊರತೆ, ಎಲ್ಲ ಮಸುಕನ್ನೂ ಒಂದೇ ಹೆಸರಿನಲ್ಲಿ ಕರೆಯುವುದು. ಚಿತ್ರವನ್ನು ಹಿಗ್ಗಿಸಿ ನೋಡಿ. ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಅಲುಗಿದ್ದು ನಿಮ್ಮ ಕೈ. ನಿಂತ ವಸ್ತುಗಳು ಸ್ಪಷ್ಟವಿದ್ದು ಚಲಿಸುವುದು ಮಾತ್ರ ಎಳೆದಿದ್ದರೆ ಷಟರ್ ವೇಗ ಸಾಲದು. ಬೇರಾವುದೋ ದೂರದಲ್ಲಿರುವ ವಸ್ತು ಸ್ಪಷ್ಟವಿದ್ದರೆ ಮಾತ್ರ ಫೋಕಸ್ ತಪ್ಪಿದೆ ಎನ್ನಬಹುದು. ಆಗಲೂ ಅವಸರ ಬೇಡ. ಕೊಟ್ಟೂರಿನ ತೇರು ನಿಮ್ಮತ್ತ ಬರುತ್ತಿರುವಾಗ, ಒಮ್ಮೆ ಹಿಡಿದು ನಿಲ್ಲುವ ಕ್ರಮದಲ್ಲಿ ಫೋಕಸ್ ಮಾಡಿ ಕಾದರೆ ತೇರು ಆ ದೂರವನ್ನು ದಾಟಿ ಬಂದಿರುತ್ತದೆ. ಅಲ್ಲಿ ಸತತವಾಗಿ ಹಿಂಬಾಲಿಸುವ ಕ್ರಮ ಬೇಕು.

ಮೂರನೆಯದು ಹೆಚ್ಚು ಗಂಭೀರವಾದದ್ದು. ‘ಬೇರೆ ಲೆನ್ಸ್ ಹಾಕಿ ನೋಡಿ, ಸರಿಯಾದರೆ ಮೊದಲಿನ ಲೆನ್ಸ್ ಕೆಟ್ಟಿದೆ’ ಎಂಬ ಮಾತು ತರ್ಕಬದ್ಧವೆನಿಸುತ್ತದೆ, ಅಲ್ಲವೇ? ಆದರೆ ಒಂದು ಲೆಕ್ಕ ಮಾಡಿ. 50 ಮಿ.ಮೀ. ಸಂಗಮದೂರದ ಮಸೂರವು ಅನಂತ ದೂರದಿಂದ 1 ಮೀಟರ್ ದೂರಕ್ಕೆ ಫೋಕಸ್ ಬದಲಿಸಲು ಸುಮಾರು 2.6 ಮಿ.ಮೀ. ಸರಿದರೆ ಸಾಕು. ಬಿಂಬದ ಕಡೆ ಕೇವಲ 0.1 ಮಿ.ಮೀ. ತಪ್ಪಿದರೂ 1 ಮೀಟರ್ ದೂರದಲ್ಲಿ ಫೋಕಸ್ ಸುಮಾರು 3.5 ಸೆ.ಮೀ. ಪಲ್ಲಟವಾಗುತ್ತದೆ. ಕಣ್ಣಿಗೆ ಹಿಡಿದದ್ದು ಮೂಗಿನ ತುದಿಗೆ ಬೀಳುತ್ತದೆ! ಕನ್ನಡಿಯುಳ್ಳ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಫೋಕಸ್ ಅಳೆಯುವ ಸಂವೇದಕವೇ ಬೇರೆ, ಚಿತ್ರ ಮೂಡುವ ಸಂವೇದಕವೇ ಬೇರೆ. ಬಾಡಿಯಲ್ಲೂ ಲೆನ್ಸಿನಲ್ಲೂ ಅನುಮತಿಸಿದ ಮಿತಿಯೊಳಗೇ ಸಣ್ಣ ವ್ಯತ್ಯಾಸಗಳಿರುತ್ತವೆ. ಎರಡೂ ಒಂದೇ ದಿಕ್ಕಿನವಾದರೆ ಕೂಡಿಕೊಳ್ಳುತ್ತವೆ, ವಿರುದ್ಧ ದಿಕ್ಕಿನವಾದರೆ ಕಳೆದುಹೋಗುತ್ತವೆ. ಅಂದರೆ ಬಿಡಿಯಾಗಿ ಯಾವುದೂ ಕೆಟ್ಟಿರದೆ ಜೋಡಿ ಮಾತ್ರ ತಪ್ಪಾಗಿರಬಹುದು. ಆದ್ದರಿಂದ ಎರಡು ಲೆನ್ಸ್, ಎರಡು ಬಾಡಿ, ಒಟ್ಟು ನಾಲ್ಕು ಜೋಡಿಗಳನ್ನೂ ಪರೀಕ್ಷಿಸದೆ ತೀರ್ಪು ಕೊಡಲಾಗದು. ಈ ಕಾರಣಕ್ಕಾಗಿಯೇ 2007ರ ಸುಮಾರಿಗೆ ಕೆಲವು ಕ್ಯಾಮೆರಾಗಳಲ್ಲಿ ಪ್ರತಿ ಲೆನ್ಸಿಗೂ ಫೋಕಸನ್ನು ಸೂಕ್ಷ್ಮವಾಗಿ ಹೊಂದಿಸುವ ಸೌಲಭ್ಯ ಬಂದಿತು. ಕನ್ನಡಿಯಿಲ್ಲದ ಇಂದಿನ ಕ್ಯಾಮೆರಾಗಳು ಚಿತ್ರ ಮೂಡುವ ಸಂವೇದಕದಲ್ಲೇ ಫೋಕಸ್ ಅಳೆಯುವುದರಿಂದ ಈ ತೊಡಕು ಬಹುಮಟ್ಟಿಗೆ ತಪ್ಪಿದೆ.

ಶಾಲೆಯಲ್ಲಿ ನೀವು ಹೀಗೆ ಪರೀಕ್ಷಿಸಬಹುದು. ಹಗಲು ಬೆಳಕಿನಲ್ಲಿ ಮೇಜಿನ ಮೇಲೆ ದಿನಪತ್ರಿಕೆ ಹರಡಿ, ಒಂದು ಸಾಲಿನ ಕೆಳಗೆ ಗೆರೆ ಎಳೆಯಿರಿ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಸುಮಾರು 45 ಡಿಗ್ರಿ ಓರೆಯಾಗಿ ನಿಲ್ಲಿಸಿ, ದ್ಯುತಿರಂಧ್ರವನ್ನು ಪೂರ್ತಿ ತೆರೆದು, ಮಧ್ಯದ ಬಿಂದುವನ್ನು ಆ ಸಾಲಿನ ಮೇಲಿಟ್ಟು ಹತ್ತು ಚಿತ್ರ ತೆಗೆಯಿರಿ. ಪ್ರತಿ ಸಲವೂ ಫೋಕಸನ್ನು ಕೆಡಿಸಿ ಹೊಸದಾಗಿ ಹಿಡಿಯಿರಿ. ಸ್ಪಷ್ಟವಾದ ಸಾಲು ಯಾವಾಗಲೂ ಒಂದೇ ಕಡೆಗೆ ಸರಿದಿದ್ದರೆ ಹೊಂದಾಣಿಕೆಯ ದೋಷ. ಹಿಂದೆ ಮುಂದೆ ಚದುರಿದ್ದರೆ ಬೇರೆ ಕಾರಣ ಹುಡುಕಬೇಕು. ಬಳಿಕ ಹಿಂಬದಿಯ ಪರದೆ ನೋಡಿಕೊಂಡು ‘ಲೈವ್ ವ್ಯೂ’ ಕ್ರಮದಲ್ಲಿ ತೆಗೆಯಿರಿ. ಅದರಲ್ಲಿ ಸ್ಪಷ್ಟವಾಗಿದ್ದರೆ ಲೆನ್ಸಿನ ಗಾಜಿಗೆ ಏನೂ ಆಗಿಲ್ಲ. ಎರಡರಲ್ಲೂ ಲೆನ್ಸ್ ಅಲುಗದಿದ್ದರೆ, ಸ್ವಿಚ್ಚು ಸರಿಯಿದ್ದರೆ, ಲೋಹದ ಸಂಪರ್ಕಬಿಂದುಗಳನ್ನು ಒಣಗಿದ ಮೃದು ಬಟ್ಟೆಯಿಂದ ಒರೆಸಿ. ರಬ್ಬರಿನಿಂದ ಉಜ್ಜುವ ರೂಢಿ ಬೇಡ. ಲೇಪನ ಸವೆಯುತ್ತದೆ, ಪುಡಿ ಒಳಗೆ ಬೀಳುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲಿತಾಂಶವನ್ನು ಬರೆದಿಡಿ.

ಇಷ್ಟಾದ ಮೇಲೂ ಮೋಟಾರು ತಿರುಗದಿದ್ದರೆ ರಿಪೇರಿಗೆ ಕಳಿಸಲೇಬೇಕು. ಆದರೆ ಆ ಹತ್ತು ಚಿತ್ರಗಳನ್ನೂ ಬರೆದಿಟ್ಟ ಹಾಳೆಯನ್ನೂ ಜೊತೆಗೆ ಕಳಿಸಿ. ರಿಪೇರಿ ಮಾಡುವವರಿಗೆ ‘ಕೆಟ್ಟಿದೆ’ ಎಂಬ ಮಾತಿಗಿಂತ ಅವು ಹೆಚ್ಚು ಹೇಳುತ್ತವೆ. ಮಸೂರದ ಸೂತ್ರವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೂ ಆ ಸೂತ್ರ ಯಾವ ಕೆಲಸಕ್ಕೆ ಬರುತ್ತದೆ ಎಂಬುದು ಅಂದು ತಿಳಿದಿರುತ್ತದೆ.