ಲೆಕ್ಕದ ಪುಸ್ತಕಗಳಲ್ಲಿ ಅಸಹಜ ವ್ಯವಹಾರಗಳ ಶೋಧನೆ: ಒಂದು ವಿಮರ್ಶೆ

ವಾಣಿಜ್ಯ ಸಂಸ್ಥೆಗಳ ಲೆಕ್ಕಗಳನ್ನು ಪರಿಶೋಧಿಸುವಾಗ ಎಲ್ಲ ನಮೂದುಗಳನ್ನೂ ನೋಡುವುದು ಅಸಾಧ್ಯವಾದುದರಿಂದ, ಅಸಹಜವಾಗಿ ತೋರುವವನ್ನು ಗಣಕಯಂತ್ರದಿಂದ ಜರಡಿ ಹಿಡಿದು ತೆಗೆಯುವ ಪದ್ಧತಿ ಈಗ ರೂಢಿಯಲ್ಲಿದೆ. ಸೊನ್ನೆಗಳಿಂದ ಮುಗಿಯುವ ಇಡಿ ಮೊತ್ತಗಳು, ರಜಾದಿನದ ನಮೂದುಗಳು, ಮಾರ್ಚಿ ತಿಂಗಳ ಕೊನೆಯ ಹೊಂದಾಣಿಕೆಗಳು, ಮಂಜೂರಾತಿಯ ಮಿತಿಗೆ ತುಸುವೇ ಕೆಳಗೆ ನಿಲ್ಲುವ ಪಾವತಿಗಳು ಈ ಜರಡಿಯಲ್ಲಿ ಉಳಿಯುತ್ತವೆ. ಪದ್ಧತಿಯ ಉಪಯುಕ್ತತೆ ನಿರ್ವಿವಾದವಾದುದು. ಆದರೆ ಅಪರೂಪವಾದುದನ್ನೂ ಅಕ್ರಮವಾದುದನ್ನೂ ಒಂದೇ ಎಂದು ಭಾವಿಸುವ ದೋಷವು ಇದರೊಡನೆ ಬೆಳೆದಿದೆ. ಈ ದೋಷವನ್ನು ಹಾಸನ ಜಿಲ್ಲೆಯ ವ್ಯಾಪಾರದ ಹಿನ್ನೆಲೆಯಲ್ಲಿ ಪರೀಕ್ಷಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಅಂಕಿಗಳ ಪರೀಕ್ಷೆಯನ್ನು ನೋಡೋಣ. 1881ರಲ್ಲಿ ಸೈಮನ್ ನ್ಯೂಕೂಂಬ್ ಗಮನಿಸಿ, 1938ರಲ್ಲಿ ಫ್ರಾಂಕ್ ಬೆನ್‌ಫರ್ಡ್ ವಿಸ್ತಾರವಾಗಿ ತೋರಿಸಿದ ನಿಯಮದಂತೆ, ಸಹಜವಾಗಿ ಕೂಡಿಬಂದ ಅನೇಕ ಸಂಖ್ಯಾಸಮೂಹಗಳಲ್ಲಿ ಶೇಕಡಾ 30ರಷ್ಟು ಸಂಖ್ಯೆಗಳು 1ರಿಂದಲೂ, ಶೇಕಡಾ 5ಕ್ಕಿಂತ ಕಡಿಮೆ ಸಂಖ್ಯೆಗಳು 9ರಿಂದಲೂ ಮೊದಲಾಗುತ್ತವೆ. ಕಲ್ಪಿಸಿ ಬರೆದ ಲೆಕ್ಕವು ಈ ಪ್ರಮಾಣವನ್ನು ತಪ್ಪಬಹುದೆಂಬುದು ಇದರ ತರ್ಕ. ಆದರೆ ಮೊತ್ತಗಳು ನೂರರಿಂದ ಲಕ್ಷದವರೆಗೆ ಹರಡಿದ್ದರೆ ಮಾತ್ರ ಈ ನಿಯಮವು ಚೆನ್ನಾಗಿ ಸಲ್ಲುತ್ತದೆ. ಒಂದೇ ಅಳತೆಯ ಲಾರಿಗಳಲ್ಲಿ ಒಂದೇ ಸರಕನ್ನು ಕೊಳ್ಳುವ ವರ್ತಕನ ಬಿಲ್ಲುಗಳು ನಲವತ್ತರಿಂದ ಅರುವತ್ತು ಸಾವಿರದೊಳಗೇ ಇದ್ದರೆ, ಮೊದಲಲ್ಲಿ 4 ಮತ್ತು 5ರ ಅಂಕಿಗಳೇ ನಿಲ್ಲುವುವು. ಅಲ್ಲಿ ಕಾಣುವುದು ಲಾರಿಯ ಅಳತೆ, ಕಪಟವಲ್ಲ.

ಕಾಲದ ಪರೀಕ್ಷೆಯೂ ಹೀಗೆಯೇ. ಹಾಸನದ ಆಲೂಗೆಡ್ಡೆಯ ವರ್ತಕನು ಮುಂಗಾರಿಗೆ ಮುನ್ನ ಪಂಜಾಬಿನ ಜಲಂಧರದಿಂದ ಬಿತ್ತನೆಗೆಡ್ಡೆ ತರಿಸುತ್ತಾನೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಹೊಗೆಸೊಪ್ಪಿನ ಹರಾಜು ಕೆಲವು ತಿಂಗಳು ಮಾತ್ರ ನಡೆಯುತ್ತದೆ. ಹೊಳೆನರಸೀಪುರದ ಭತ್ತವು ಕುಯ್ಲಾದ ಮೇಲೆ ಒಮ್ಮೆಗೇ ಬರುತ್ತದೆ. ಚನ್ನರಾಯಪಟ್ಟಣದ ತೆಂಗಿನಕಾಯಿಯಾದರೋ ವರ್ಷವಿಡೀ ಇಳಿಯುತ್ತದೆ. ವರ್ಷದ ಸರಾಸರಿಯನ್ನೇ ಅಳತೆಗೋಲಾಗಿ ಹಿಡಿದರೆ ಮೊದಲ ಮೂವರು ವರ್ತಕರೂ ಅಪರಾಧಿಗಳಂತೆ ತೋರುವರು. ಹೋಲಿಸತಕ್ಕದ್ದು ಹಿಂದಿನ ವರ್ಷಗಳ ಅದೇ ಬೆಳೆಯ ಅದೇ ಕಾಲದೊಡನೆ.

ನಗದು ಪಾವತಿಯ ಉದಾಹರಣೆ ಇನ್ನೂ ಬೋಧಪ್ರದ. ಒಂದು ದಿನದಲ್ಲಿ ಒಬ್ಬನಿಗೆ ನಗದಾಗಿ ಕೊಟ್ಟ ವ್ಯಾಪಾರದ ವೆಚ್ಚವು ಮಿತಿಯನ್ನು ಮೀರಿದರೆ ಆದಾಯ ತೆರಿಗೆಯ ಲೆಕ್ಕದಲ್ಲಿ ಮಾನ್ಯವಾಗದು. ಈ ಮಿತಿಯನ್ನು 2017ರಲ್ಲಿ 20,000ದಿಂದ 10,000 ರೂಪಾಯಿಗಳಿಗೆ ಇಳಿಸಲಾಯಿತು. ಆದರೆ ಬೆಳೆಗಾರನಿಗೇ ಬೆಳೆಯ ಬೆಲೆಯಾಗಿ ಕೊಟ್ಟ ಹಣಕ್ಕೆ ವಿನಾಯಿತಿಯುಂಟು. ಇಂಥ ಪಾವತಿಗಳನ್ನೆಲ್ಲ ಸಂಶಯಿಸಿದರೆ ನ್ಯಾಯವಾದ ವ್ಯಾಪಾರಕ್ಕೆ ಕಳಂಕ. ಎಲ್ಲವನ್ನೂ ಬಿಟ್ಟುಬಿಟ್ಟರೆ, ಬೇಸಾಯವನ್ನೇ ಮಾಡದವನ ಹೆಸರಿನಲ್ಲಿ ಬರೆದ ಸುಳ್ಳು ಖರೀದಿಯೂ ಪಾರಾಗುತ್ತದೆ. ಇವೆರಡರ ಭೇದವನ್ನು ಮೊತ್ತವು ತಿಳಿಸದು. ಪಹಣಿ, ತೂಕದ ಚೀಟಿ, ಮಾರುಕಟ್ಟೆಯ ರಶೀದಿಗಳು ತಿಳಿಸುತ್ತವೆ. ಉಳುವವನು ಗುತ್ತಿಗೆದಾರನಾದರೆ ಪಹಣಿಯೂ ಸಾಲದು, ಊರಿನಲ್ಲಿ ವಿಚಾರಿಸಬೇಕು.

ಅಕ್ರಮವು ಸಹಜದ ವೇಷದಲ್ಲಿಯೂ ಇರಬಹುದೆಂಬುದಕ್ಕೆ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿಯೇ ಹಳೆಯ ಸಾಕ್ಷ್ಯವಿದೆ. ಅಲ್ಲಿನ ಸ್ಥಾನಿಕರು ದೇವರ ಪೂಜೆಗೆ ಬಿಟ್ಟ ದತ್ತಿಗಳನ್ನು ವರ್ತಕರಿಗೆ ಅಡವಿಟ್ಟಿದ್ದರು. ಸಾಲ, ಅಡವು, ಅನುಭೋಗ ಇವನ್ನು ಬಿಡಿಯಾಗಿ ನೋಡಿದರೆ ನಿತ್ಯದ ವ್ಯವಹಾರಗಳೇ. ಮೈಸೂರಿನ ಚಾಮರಾಜ ಒಡೆಯರು ಸಾಲ ಕೊಟ್ಟವರನ್ನು ಕರೆಸಿ, ಸಾಲವನ್ನು ತಾವೇ ತೀರಿಸುವುದಾಗಿ ಹೇಳಿದರು. ವರ್ತಕರು ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಅಡವನ್ನು ಬಿಟ್ಟುಕೊಟ್ಟರು. ಮುಂದೆ ಆ ದತ್ತಿಗಳನ್ನು ಯಾರೂ ಅಡವಿಡಬಾರದೆಂದು 1634ರ ಶಾಸನ ವಿಧಿಸಿತು. ದೋಷವಿದ್ದುದು ಮೊತ್ತದಲ್ಲಲ್ಲ, ದತ್ತಿಯ ಉದ್ದೇಶಕ್ಕೂ ವ್ಯವಹಾರಕ್ಕೂ ಇದ್ದ ವಿರೋಧದಲ್ಲಿ.

ಹಿಂದೆ ವರ್ತಕರು ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದ ಬಟ್ಟೆಯ ಕಡತಗಳಲ್ಲಿ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಒರೆಸಿ ಬರೆಯುವುದು ಸುಲಭವಾಗಿತ್ತು. 2023ರ ಏಪ್ರಿಲ್ 1ರಿಂದ ಕಂಪೆನಿಗಳ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕಸಹಿತ ದಾಖಲಿಸತಕ್ಕದ್ದೆಂಬ ನಿಯಮ ಬಂದಿದೆ. ಇದು ದೊಡ್ಡ ಸುಧಾರಣೆಯೇ ಸರಿ. ಆದರೂ ಆ ದಾಖಲೆಯು ಎಂದು ತಿದ್ದಿದರೆಂಬುದನ್ನು ಹೇಳೀತು. ಏಕೆ ತಿದ್ದಿದರೆಂಬುದನ್ನು ಹೇಳಲಾರದು.

ಆ ಪ್ರಶ್ನೆಯನ್ನು ಕೇಳಬೇಕಾದವನು ಪರಿಶೋಧಕ. ಜರಡಿಯಲ್ಲಿ ಉಳಿದ ನಮೂದು ಪ್ರಶ್ನೆಯೇ ಹೊರತು ತೀರ್ಪಲ್ಲ. ಬರೆದ ಗುಮಾಸ್ತನ ಸಮಾಧಾನವನ್ನು ಕೇಳಿ, ಆಧಾರಪತ್ರಗಳೊಡನೆ ತಾಳೆನೋಡಿ, ನಿರ್ದೋಷವೆಂದು ಕಂಡಾಗಲೂ ಕಾರಣವನ್ನು ಬರೆದಿಡಬೇಕು. ಇಷ್ಟನ್ನು ಮಾಡದೆ ಪಟ್ಟಿಯನ್ನು ಮಾತ್ರ ಒಪ್ಪಿಸುವ ಪರಿಶೋಧನೆಯಿಂದ ಪ್ರಾಮಾಣಿಕನ ಮಾನಕ್ಕೂ ರಕ್ಷೆಯಿಲ್ಲ, ಸಂಸ್ಥೆಯ ಧನಕ್ಕೂ ರಕ್ಷೆಯಿಲ್ಲ.