ಅವಳಿಗಳ ಲೆಕ್ಕ, ತಂದೆತಾಯಿಯರ ಪಾಲು

ಒಂದೇ ಗರ್ಭದಲ್ಲಿ ಬೆಳೆದ ಯಕೋಬ ಮತ್ತು ಏಸಾವರ ಬದುಕು ಬೇರೆಬೇರೆ ದಾರಿ ಹಿಡಿಯಿತು. ಈ ನಿದರ್ಶನವನ್ನು ಮುಂದಿಟ್ಟು, ಹುಟ್ಟಿದ ಗಳಿಗೆಯೇ ಹಣೆಬರಹವನ್ನು ನಿರ್ಧರಿಸುತ್ತದೆಂಬ ಜ್ಯೋತಿಷಿಗಳ ವಾದವನ್ನು ಸಂತ ಅಗಸ್ಟೀನರು ಖಂಡಿಸಿದರು. ಆ ವಾದ ಈಗ ನಕ್ಷತ್ರಗಳನ್ನು ಬಿಟ್ಟು ವಂಶವಾಹಿಗಳನ್ನು ಆಶ್ರಯಿಸಿದೆಯೇ? ಮನೋವಿಜ್ಞಾನಿ ರಾಬರ್ಟ್ ಪ್ಲೋಮಿನ್ 2018ರಲ್ಲಿ ಪ್ರಕಟಿಸಿದ ‘ಬ್ಲೂಪ್ರಿಂಟ್’ ಕೃತಿಯನ್ನು ಓದುವಾಗ ಈ ಸಂದೇಹ ಮೂಡುತ್ತದೆ.

ಕೃತಿಯ ಬಲವಿರುವುದು ಅದರ ಆಧಾರದಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1994ರಿಂದ 1996ರವರೆಗೆ ಜನಿಸಿದ ಸಾವಿರಾರು ಅವಳಿಗಳನ್ನು ಲೇಖಕರು ಬಾಲ್ಯದಿಂದಲೇ ಅಧ್ಯಯನ ಮಾಡಿದ್ದಾರೆ. ವಿಧಾನ ಸರಳವಾದುದು. ಏಕರೂಪಿ ಅವಳಿಗಳ ವಂಶವಾಹಿಗಳು ಹೆಚ್ಚುಕಡಿಮೆ ಒಂದೇ; ಭಿನ್ನರೂಪಿ ಅವಳಿಗಳು ಇತರ ಒಡಹುಟ್ಟಿದವರಷ್ಟೇ ಸಮಾನರು. ಒಂದು ಗುಣದಲ್ಲಿ ಮೊದಲನೆಯವರ ಹೋಲಿಕೆ 0.8, ಎರಡನೆಯವರದು 0.5 ಎಂದಿಟ್ಟುಕೊಳ್ಳೋಣ. ಅಂತರವಾದ 0.3ನ್ನು ಇಮ್ಮಡಿಗೊಳಿಸಿದರೆ 0.6, ಅಂದರೆ ಆನುವಂಶೀಯತೆ ಶೇಕಡಾ 60. ಎರಡೂ ಬಗೆಯ ಅವಳಿಗಳಿಗೆ ದೊರೆಯುವ ಪರಿಸರ ಸಮಾನವೆಂಬ ಊಹೆ ಈ ಲೆಕ್ಕದ ಹಿಂದಿದೆ.

ಆದರೆ ಮಗುವಿನ ಬುದ್ಧಿಯಲ್ಲಿ 60 ಪಾಲು ರಕ್ತದ್ದು, 40 ಪಾಲು ಮನೆಯದು ಎಂದು ಇದರ ಅರ್ಥವಲ್ಲ. ಒಂದು ಜನಸಮುದಾಯದಲ್ಲಿ ವ್ಯಕ್ತಿವ್ಯಕ್ತಿಗಳ ನಡುವೆ ಕಾಣುವ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲೆಷ್ಟು ಎಂಬುದನ್ನಷ್ಟೇ ಅದು ತಿಳಿಸುತ್ತದೆ. ಎತ್ತರದ ಆನುವಂಶೀಯತೆ ಸುಮಾರು ಶೇಕಡಾ 80. ಆದರೂ ದಕ್ಷಿಣ ಕೊರಿಯಾದ ಮಹಿಳೆಯರ ಸರಾಸರಿ ಎತ್ತರ ಒಂದು ಶತಮಾನದಲ್ಲಿ ಸುಮಾರು 20 ಸೆಂಟಿಮೀಟರ್ ಹೆಚ್ಚಿತು! ಅಲ್ಲಿ ಬದಲಾದದ್ದು ವಂಶವಲ್ಲ, ಊಟ ಮತ್ತು ಆರೋಗ್ಯ. ಎರಿಕ್ ಟರ್ಕ್‌ಹೈಮರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ಕಡುಬಡ ಮನೆಗಳ ಅವಳಿಗಳಲ್ಲಿ ಬುದ್ಧಿಮತ್ತೆಯ ಆನುವಂಶೀಯತೆ ಶೂನ್ಯಕ್ಕೆ ಸಮೀಪವಾಗಿತ್ತು. ಯೂರೋಪಿನ ಅಧ್ಯಯನಗಳಲ್ಲಿ ಈ ಅಂತರ ಅಷ್ಟಾಗಿ ಕಾಣಲಿಲ್ಲ. ಅಂಕಿ ದೇಶಕಾಲಗಳಿಗೆ ಅಂಟಿಕೊಂಡಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ತಮ್ಮ ಅಂಕಿಗಳು ಇರುವುದನ್ನು ಹೇಳುತ್ತವೆಯೇ ಹೊರತು ಆಗಬಹುದಾದುದನ್ನಲ್ಲ ಎಂದು ಪ್ಲೋಮಿನ್ ಸ್ವತಃ ಒಪ್ಪುತ್ತಾರೆ. ಹಾಗಿದ್ದೂ, ತಂದೆತಾಯಿಯರು ಮುಖ್ಯರಾದರೂ ಮಕ್ಕಳು ಏನಾಗುತ್ತಾರೆ ಎಂಬುದರಲ್ಲಿ ಅವರಿಂದ ವ್ಯತ್ಯಾಸವಾಗದು ಎಂಬ ನಿಲುವಿಗೆ ಬರುತ್ತಾರೆ. ಇದು ಅಳತೆಗೆ ಮೀರಿದ ಮಾತು. ಬಹುಪಾಲು ಮಕ್ಕಳಿಗೆ ಅನ್ನ, ಶಾಲೆ, ಆಸರೆ ದೊರೆತಿರುವ ಸಮಾಜದಲ್ಲಿ ಮನೆಮನೆಗಳ ನಡುವಿನ ಅಂತರ ಕಿರಿದಾಗಿ ಕಂಡೀತು. ಅದರಿಂದ ಅನ್ನವೂ ಆಸರೆಯೂ ನಿಷ್ಫಲವೆಂದಾಗದು.

ಕೃತಿಯಿಂದ ಲಾಭವೂ ಉಂಟು. ಮಗುವಿನ ಪ್ರತಿಯೊಂದು ಕೊರತೆಗೂ ತಾಯಿಯನ್ನೇ ದೂರುವ ಚಾಳಿಗೆ ಇದು ತಕ್ಕ ಉತ್ತರ. ಆದರೆ ಓದಿನಲ್ಲಿ ಹಿಂದುಳಿದ ಬಡ ಮಗುವನ್ನು ‘ವಂಶವೇ ಹಾಗೆ’ ಎಂದು ಕೈಬಿಡಲು ಇದರಲ್ಲಿ ಆಧಾರವಿಲ್ಲ. ಆ ಮಗುವಿಗೆ ಇನ್ನೇನು ದೊರೆಯಬೇಕಿತ್ತು ಎಂಬ ಪ್ರಶ್ನೆಯನ್ನು ಅವಳಿಗಳ ಲೆಕ್ಕ ಕೇಳದು, ನಾವು ಕೇಳಬೇಕು.